ಆರು ಅಂಕಿಗೋಸ್ಕರ ಅಮ್ಮನ ನಿದ್ದೆ ಕೆಡಿಸಿದೆ

ಈಗಷ್ಟೇ ಅಮ್ಮನ ಹತ್ತಿರ ಬೈಸಿಕೊಂಡು ಕೂತಿದ್ದೇನೆ. ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ರಾತ್ರಿ ಎಂಟು. ಹಾಸನದಲ್ಲಿ ಹನ್ನೊಂದೂವರೆ. ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕಿದೆ, ಇ-ವೆರಿಫೈ (ಅದನ್ನು ಹಾಕಿದ್ದು ನಾನೇ ಅಂತ ಆನ್‌ಲೈನ್‌ನಲ್ಲೇ ಖಚಿತಪಡಿಸುವುದು) ಒಂದು ಮುಗಿಸಿಬಿಡೋಣ ಅಂತ ಕೂತೆ. ಆಧಾರ್ ಒಟಿಪಿ ನನ್ನ ಇಂಡಿಯಾ ನಂಬರಿಗೆ ಹೋಯಿತು. ಆ ಸಿಮ್ ಎಲ್ಲಿದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಅಮ್ಮನ ಫ್ರಿಜ್ಜಿನ ಮೇಲೆ, ಹಳೇ ಬಟನ್ ಫೋನಿನಲ್ಲಿ, ಸದಾ ಚಾರ್ಜರ್ ಕಚ್ಚಿಕೊಂಡು.

ಅಮ್ಮ ಎದ್ದು, ಲೈಟ್ ಹಾಕಿ, ಕನ್ನಡಕ ಹುಡುಕಿ, "ನಲವತ್ತೇಳು, ಸೊನ್ನೆ ಮೂರು, ಹದಿನಾರು" ಅಂತ ಓದುವಷ್ಟರಲ್ಲಿ ಟೈಮ್ ಮುಗಿದಿತ್ತು. ಎರಡನೇ ಸಲ ಓದಲು ಶುರು ಮಾಡಿ ನಿಲ್ಲಿಸಿದರು. "ಯಾರಿಗೂ ಹೇಳಬೇಡಿ ಅಂತ ಬರೆದಿದ್ದಾರಲ್ಲೇ. ನಿಂಗೆ ಹೇಳಬಹುದಾ?"

ಮೂವತ್ತು ವರ್ಷ ಟೀಚರ್ ಆಗಿದ್ದವರು. ಬರೆದಿದ್ದನ್ನು ಬರೆದ ಹಾಗೇ ಓದುತ್ತಾರೆ. ಅವರದ್ದೇನು ತಪ್ಪು?

ನನ್ನ ಸಿಟ್ಟು ಇಷ್ಟೇ. ಆ ನಂಬರಿನಿಂದ ನಾನು ಯಾರ ಹತ್ತಿರಾನೂ ಮಾತಾಡಿ ವರ್ಷಗಳಾದವು. ಮಾತೆಲ್ಲ ವಾಟ್ಸಾಪ್‌ನಲ್ಲಿ. ಈ ನಂಬರ್ ಇರುವುದು ನಾನೇ ನಾನು ಅಂತ ಸಾಬೀತು ಮಾಡಲು. ಬ್ಯಾಂಕಿಗೆ ಅದು ಬೇಕು, ಆಧಾರ್‌ಗೆ ಅದು ಬೇಕು, ಪಿಎಫ್‌ಗೆ ಅದು ಬೇಕು. ಆಧಾರ್ ಅಂತೂ ಹೊರದೇಶದ ನಂಬರಿಗೆ ಒಟಿಪಿ ಕಳಿಸುವುದೇ ಇಲ್ಲ. ಅಂದರೆ ಪಾಸ್‌ಪೋರ್ಟ್ ನನ್ನ ಹತ್ತಿರ ಇದ್ದರೂ, ನಾನು ಮಾತ್ರ ಹಾಸನದ ಫ್ರಿಜ್ಜಿನ ಮೇಲೆ ಇದ್ದೇನೆ.

ಅದನ್ನು ಬದುಕಿಸಿಡಲು ಪಡುವ ಪಾಡು ನೋಡಿ. 90 ದಿನ ಬಳಸದೇ ಇದ್ದರೆ ನಂಬರ್ ಬಂದ್ ಮಾಡಬಹುದು. ಬಂದ್ ಆಗಿ ಇನ್ನೊಂದು 90 ದಿನ ಕಳೆದರೆ ಅದು ಬೇರೆ ಯಾರದ್ದೋ ಪಾಲು. 2013ರಲ್ಲಿ ಟ್ರಾಯ್ (ಮೊಬೈಲ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ) ಒಂದು ಒಳ್ಳೆಯ ನಿಯಮ ಮಾಡಿತ್ತು: ಪ್ರೀಪೇಯ್ಡ್‌ನಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಮುರಿದುಕೊಂಡು ನಂಬರ್ ಉಳಿಸಬೇಕು ಅಂತ. ಸರಿ, ನಂಬರ್ ಉಳಿಯಿತು. ಆದರೆ ಪ್ಯಾಕ್ ಮುಗಿದ ಮೇಲೆ ಒಟಿಪಿ ಬರಬೇಕಲ್ಲ? ಉಸಿರಿದೆ, ಕಿವಿ ಕೇಳಿಸುವುದಿಲ್ಲ.

ಹಾಗಾಗಿ ರೀಚಾರ್ಜ್. 28 ದಿನಕ್ಕೊಂದು ತಿಂಗಳು, ವರ್ಷಕ್ಕೆ ಹದಿಮೂರು ತಿಂಗಳು! ಅದ್ಯಾವ ಪಂಚಾಂಗವೋ. ಬಟನ್ ಫೋನಿಗೆ ದಿನಕ್ಕಿಷ್ಟು ಜಿಬಿ ಡೇಟಾ ಬೇರೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು, 365 ದಿನದವರೆಗೂ ಕೊಡಬಹುದು ಅಂದಿತು. ಕುಣಿದಾಡಿದೆ. ಆಮೇಲೆ ರೇಟು ನೋಡಿದೆ. ವರ್ಷದ್ದು ಸಾವಿರದೈನೂರರ ಮೇಲೆ. ನನಗೆ ಬೇಕಾದ್ದು ತಿಂಗಳಿಗೆ ನಾಲ್ಕು ಮೆಸೇಜ್ ಬರುವುದು. ಹೋಗುವುದೂ ಬೇಡ, ಬರುವುದು ಸಾಕು.

"ಯೂರೋದಲ್ಲಿ ದುಡೀತೀಯ, ಇದಕ್ಕೂ ಅಳ್ತೀಯಾ" ಅಂತ ಕಾಮೆಂಟ್ ಮಾಡಲು ರೆಡಿಯಾಗಿರುವ ಅಣ್ಣಂದಿರೇ, ತಡೀರಿ. ದುಡ್ಡಿನ ವಿಷಯ ಅಲ್ಲ ಇದು. (ಸರಿ, ಸ್ವಲ್ಪ ದುಡ್ಡಿನದ್ದೂ ಹೌದು.) "ಸಿಮ್ ಜೊತೆಗೇ ಇಟ್ಟುಕೋ, ರೋಮಿಂಗ್‌ನಲ್ಲಿ ಮೆಸೇಜ್ ಬರುವುದು ಫ್ರೀ" ಅನ್ನುವವರೂ ಇದ್ದಾರೆ. ಇಟ್ಟುಕೊಂಡಿದ್ದೆ ಸ್ವಾಮಿ, ಎರಡು ವರ್ಷ. ಜಾಹೀರಾತೆಲ್ಲ ಥಟ್ಟಂತ ಬರುತ್ತಿತ್ತು. ಒಟಿಪಿ ಮಾತ್ರ ಮದುವೆ ಮುಗಿದ ಮೇಲೆ ಬಂದ ಓಲಗದವರ ಹಾಗೆ ಮಾರನೇ ದಿನ ಬರುತ್ತಿತ್ತು.

ಇನ್ನು, ಪೇಮೆಂಟ್‌ಗೆ ಎಸ್ಸೆಮ್ಮೆಸ್ ಒಟಿಪಿಯೇ ಆಗಬೇಕು ಅಂತಿಲ್ಲ, ಬೇರೆ ದಾರಿಯೂ ಆಗಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, 2026ರ ಏಪ್ರಿಲ್‌ನಿಂದ. ಸಂತೋಷ. ಆದರೆ ಬ್ಯಾಂಕಿನ ಆಪ್ ಹಾಕಿಕೊಳ್ಳಲು ಹೋದರೆ ಸಿಮ್ ಅದೇ ಫೋನಿನಲ್ಲಿ ಇರಬೇಕಂತೆ. ಫ್ರಿಜ್ಜಿನ ಮೇಲಿರುವ ಫೋನಿನಲ್ಲಿ ಆಪ್ ಹಾಕಲೇ? 2023ರ ಜನವರಿಯಲ್ಲಿ ಹತ್ತು ದೇಶಗಳ ನಂಬರಿಗೆ ಯುಪಿಐ ಕೊಡಬಹುದು ಅಂತ ಬಂತು. ಸಿಂಗಾಪುರ ಇತ್ತು, ಓಮಾನ್ ಇತ್ತು, ಕತಾರ್ ಇತ್ತು. ಜರ್ಮನಿ ಇರಲಿಲ್ಲ. ನನ್ನ ಹಣೆಬರಹ.

ಒಂದು ನಿಜ ಹೇಳಿಬಿಡುತ್ತೇನೆ. ಕಳೆದ ಸಲ ಊರಿಗೆ ಬಂದಾಗ ಮೂರು ವಾರ ಇದ್ದೆ. ಬ್ಯಾಂಕಿಗೆ ಹೋಗಿ ಒಟಿಪಿ ಇಮೇಲ್‌ಗೂ ಬರುವ ಹಾಗೆ ಮಾಡಿಸುವುದು ಲಿಸ್ಟಿನಲ್ಲಿ ಮೊದಲನೇ ಕೆಲಸ. ಹೋಗಲಿಲ್ಲ. ಒಂದು ದಿನ ಹೋದೆ, ಕ್ಯೂ ನೋಡಿ ವಾಪಸ್ ಬಂದು ಮಲಗಿದೆ. ಅಮ್ಮನಿಗೆ ಇದು ಗೊತ್ತಿಲ್ಲ. ಯಾರೂ ಹೇಳಬೇಡಿ, ಒಟಿಪಿ ಥರ.

ಇವತ್ತಿನದು ಕೊನೆಗೂ ಮೂರನೇ ಸಲಕ್ಕೆ ಆಯಿತು. ಆಗದಿದ್ದರೆ ಸಹಿ ಮಾಡಿದ ಹಾಳೆಯನ್ನು ಬೆಂಗಳೂರಿನ ಸಿಪಿಸಿಗೆ (ಇನ್‌ಕಂ ಟ್ಯಾಕ್ಸ್‌ನವರ ರಿಟರ್ನ್ ನೋಡುವ ಕೇಂದ್ರ) ಪೋಸ್ಟ್ ಮಾಡಬೇಕಿತ್ತು, ರಿಟರ್ನ್ ಹಾಕಿದ 30 ದಿನದೊಳಗೆ ತಲುಪುವ ಹಾಗೆ. "ಮಲಗಲಾ, ಇನ್ನೂ ಏನಾದ್ರೂ ಬರುತ್ತಾ?" ಅಂತ ಅಮ್ಮ ಕೇಳಿದರು. ಏನೂ ಬರಲ್ಲ, ಮಲಗಿ ಅಂದೆ.

ಆಮೇಲೆ ನೆನಪಾಯಿತು, ಆ ನಂಬರಿನ ಪ್ಯಾಕ್ ಇವತ್ತಿಗೇ ಮುಗಿಯುತ್ತದೆ. ರೀಚಾರ್ಜ್ ಮಾಡಲು ಕಾರ್ಡ್ ಹಾಕಿದೆ. ಒಟಿಪಿ ಕಳಿಸಿದ್ದಾರಂತೆ.