ಒಂದು ಪುಟ ಬರೆದುಕೊಡೋಕೆ ಇವರಿಗೇನು ಕಷ್ಟ?

ಹಳೆ ಕಂಪನಿಯ ಎಚ್‌ಆರ್‌ನಿಂದ ಮತ್ತೆ ಅದೇ ಉತ್ತರ ಬಂತು. "ಕೆಲಸದ ವಿವರ ಬರೆದುಕೊಡುವುದು ಕಂಪನಿ ಪಾಲಿಸಿಯಲ್ಲಿ ಇಲ್ಲ." ಟಿಕೆಟ್ ಕ್ಲೋಸ್. ಓದಿ ಮೈಯೆಲ್ಲ ಉರಿದುಹೋಯಿತು.

ಕೆನಡಾ ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿಗೆ, ಅರ್ಜಿ ತುಂಬುತ್ತಿದ್ದೇನೆ. ವಯಸ್ಸು, ಓದು, ಅನುಭವಕ್ಕೆಲ್ಲ ಅಂಕ ಕೊಟ್ಟು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕಿ ಅಂತ ಇನ್ವಿಟೇಷನ್ ಬಂದ ಮೇಲೆ 60 ದಿನದೊಳಗೆ ಪೂರ್ತಿ ಅರ್ಜಿ ಸಲ್ಲಿಸಬೇಕು. ಐಇಎಲ್‌ಟಿಎಸ್, ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್ ಎಲ್ಲ ದುಡ್ಡು ಕಟ್ಟಿ ಓಡಾಡಿದರೆ ಆಗುತ್ತದೆ. ಪ್ರಾಣ ತಿನ್ನುವುದು ವರ್ಕ್ ಹಿಸ್ಟರಿ. ಅಂಕ ಬೇಕಾದ ಪ್ರತಿ ಕೆಲಸಕ್ಕೂ ಕಂಪನಿ ಲೆಟರ್‌ಹೆಡ್‌ನಲ್ಲಿ ಪತ್ರ ಬೇಕು. ಹುದ್ದೆ, ಸೇರಿದ ತಾರೀಖು, ಬಿಟ್ಟ ತಾರೀಖು, ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ, ಎಲ್ಲಕ್ಕಿಂತ ಮುಖ್ಯವಾಗಿ ಏನೇನು ಕೆಲಸ ಮಾಡುತ್ತಿದ್ದೆ ಅನ್ನೋದು ಅದರಲ್ಲಿ ಇರಬೇಕು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದವಳು. ಕೆನಡಾದವರ ಉದ್ಯೋಗಗಳ ಪಟ್ಟಿಯಲ್ಲಿ ಅದಕ್ಕೆ 22222 ಅಂತ ಕೋಡ್. ನನ್ನ ಕೆಲಸ ಆ ಕೋಡ್‌ಗೆ ಹೊಂದುತ್ತದೆ ಅಂತ ಅಲ್ಲಿನ ಆಫೀಸರ್‌ಗೆ ಈ ಪತ್ರದಿಂದಲೇ ಗೊತ್ತಾಗಬೇಕು.

ಇವರು ಕೊಟ್ಟಿರುವ ರಿಲೀವಿಂಗ್ ಲೆಟರ್ ನೋಡಿ. ಹೆಸರು, ಎಂಪ್ಲಾಯಿ ನಂಬರ್, ಎರಡು ತಾರೀಖು, "ನಿಮ್ಮ ಭವಿಷ್ಯಕ್ಕೆ ಶುಭವಾಗಲಿ." ಹುದ್ದೆ ಸೀನಿಯರ್ ಅಸೋಸಿಯೇಟ್. ಆ ಫ್ಲೋರ್‌ನಲ್ಲಿ ಅರ್ಧ ಜನ ಸೀನಿಯರ್ ಅಸೋಸಿಯೇಟ್‌ಗಳೇ! ಪ್ರೋಗ್ರಾಂ ಬರೆಯುವವರೂ ಅದೇ, ಪೇರೋಲ್ ನೋಡುವವರೂ ಅದೇ. ಇದನ್ನು ಹಿಡಿದು ನಾನೇನು ಮಾಡಲಿ?

ನಾನು ಏನು ಮಾಡುತ್ತಿದ್ದೆ ಅಂತ ಇವರಿಗೆ ಗೊತ್ತಿಲ್ವಾ? ಪ್ರತಿ ಶುಕ್ರವಾರ ಟೈಮ್‌ಶೀಟ್ ತುಂಬಿಸಿಕೊಂಡರು, ಸ್ವಲ್ಪ ತಡವಾದರೂ ಮ್ಯಾನೇಜರ್‌ಗೆ ಸಿಸಿ ಹಾಕಿ ಮೇಲ್ ಕಳಿಸುತ್ತಿದ್ದರು, ಅಪ್ರೈಸಲ್ ಬಂತೆಂದರೆ ವರ್ಷವಿಡೀ ಮಾಡಿದ ಕೆಲಸವನ್ನೆಲ್ಲ ಪುಟಗಟ್ಟಲೆ ಬರೆಸಿ ಅದಕ್ಕೆ ಮ್ಯಾನೇಜರ್ ಒಪ್ಪಿಗೆಯನ್ನೂ ಹಾಕಿಸುತ್ತಿದ್ದರು. ಎಲ್ಲ ಅವರ ಸಿಸ್ಟಮ್‌ನಲ್ಲೇ ಇದೆ. ಸೇರುವಾಗ ನನ್ನ ಹಿಂದಿನ ಕಂಪನಿಯ ಒಂದೊಂದು ಕಾಗದವನ್ನೂ ಕೇಳಿ ವೆರಿಫೈ ಮಾಡಿಸಿದವರೂ ಇವರೇ. ಈಗ ನನಗೆ ಒಂದು ಪುಟ ಬೇಕು ಅಂದಾಗ ಪಾಲಿಸಿ ನೆನಪಾಯಿತು.

ಬೇರೆ ದಾರಿ ಹುಡುಕಿದೆ. ಹಳೆ ಟೀಮ್ ಲೀಡ್ ಈಗ ಪುಣೆಯಲ್ಲಿದ್ದಾರೆ, ಒಳ್ಳೆ ಮನುಷ್ಯ, ಸ್ಟಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿ ಕೊರಿಯರ್ ಮಾಡಿದರು. ಅದರ ಜೊತೆ ಪೇಸ್ಲಿಪ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ ಎಲ್ಲ ಸೇರಿಸಿ, ಕಂಪನಿ ಯಾಕೆ ಪತ್ರ ಕೊಡಲಿಲ್ಲ ಅಂತ ವಿವರಣೆಯನ್ನೂ ಬರೆದು ಹಾಕುತ್ತಿದ್ದೇನೆ. ಇಷ್ಟಾದರೂ ಒಪ್ಪುವುದು ಬಿಡುವುದು ಆಫೀಸರ್ ಕೈಯಲ್ಲಿದೆ. ಅನುಭವಕ್ಕೆ ಪುರಾವೆ ಸಾಲದು ಅಂದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಮುಗಿದರೆ ನನಗೆ ಬರೀ ಫೀಸ್ ಹೋಗುವುದಲ್ಲ. ಒಂಟಿಯಾಗಿ ಅರ್ಜಿ ಹಾಕುವವರಿಗೆ 29ರವರೆಗೆ ವಯಸ್ಸಿಗೆ 110 ಅಂಕ, 30 ತುಂಬಿದರೆ 105, ಆಮೇಲೆ ವರ್ಷ ವರ್ಷಕ್ಕೂ ಇಳಿಯುತ್ತದೆ. ನನಗೆ ಈ ವರ್ಷ 30. ಇನ್ನೊಂದು ಇನ್ವಿಟೇಷನ್ ಬರುತ್ತದೆ ಅಂತ ಯಾವ ನಂಬಿಕೆಯ ಮೇಲೆ ಕೂರಲಿ?

ಇನ್ನೂ ಕೆಲಸದಲ್ಲಿರುವವರು ರಾಜೀನಾಮೆ ಕೊಡುವ ಮೊದಲೇ ಈ ಪತ್ರ ಕೇಳಿ ತಗೊಳ್ಳಿ. ಪೇಸ್ಲಿಪ್‌ಗಳನ್ನೂ ಇಳಿಸಿಟ್ಟುಕೊಳ್ಳಿ, ಕೊನೆ ದಿನ ಸಂಜೆಗೆ ಲಾಗಿನ್ ಹೋಗಿಬಿಡುತ್ತದೆ. ಎಚ್‌ಆರ್‌ನಲ್ಲಿ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳುತ್ತೇನೆ, ನಿಜ ಇರುವುದನ್ನು ನಿಜ ಅಂತ ಬರೆದು ಸಹಿ ಹಾಕಿದರೆ ನಿಮ್ಮ ಕಂಪನಿಗೆ ಆಗುವ ನಷ್ಟ ಏನು? ಯಾರಾದರೂ ಒಬ್ಬರು ಹೇಳಿ.