ದೇಶ ಬದಲಿಸುವವರು ಗೇಮ್ ಡಿಸ್ಕಲ್ಲೇ ಕೊಳ್ಳಿ

ನಾನಿರುವುದು ಟೋಕಿಯೊದ ನಿಶಿಕಸಾಯ್‌ನಲ್ಲಿ. ಸುತ್ತಮುತ್ತ ನಮ್ಮ ದೇಶದವರೇ ಜಾಸ್ತಿ. ಹೊಸದಾಗಿ ಬಂದ ಹುಡುಗರು ಗೇಮ್ ಡಿಜಿಟಲ್ ತಗೊಳ್ಳೋದಾ (ಅಂದರೆ ಆನ್‌ಲೈನಲ್ಲಿ ಕೊಂಡು ಡೌನ್‌ಲೋಡ್ ಮಾಡೋದು), ಡಿಸ್ಕಾ ಅಂತ ಕೇಳಿದರೆ ನಾನು ಕಣ್ಣುಮುಚ್ಚಿ ಡಿಸ್ಕ್ ಅನ್ನುತ್ತೇನೆ.

ಯಾಕೆ ಅಂದರೆ, ಡಿಜಿಟಲ್ ಗೇಮ್ ಕೊಂಡ ಖಾತೆಗೇ ಅಂಟಿಕೊಂಡಿರುತ್ತದೆ. ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್‌ನ ಖಾತೆ ತೆರೆಯುವಾಗ ಯಾವ ದೇಶ ಆರಿಸಿದಿರೋ ಅದೇ ಕೊನೆತನಕ. ಆಮೇಲೆ ಬದಲಿಸಲು ಬರುವುದಿಲ್ಲ. ಬೆಂಗಳೂರಲ್ಲಿ ತೆರೆದ ಖಾತೆ ಇಲ್ಲಿಗೆ ಬಂದರೂ ಭಾರತದ್ದೇ, ಇಲ್ಲಿನ ಯೆನ್ ಗಿಫ್ಟ್ ಕಾರ್ಡ್ ಅದಕ್ಕೆ ನಡೆಯುವುದಿಲ್ಲ. ಇನ್ನೊಂದು ಖಾತೆ ತೆರೆದರೆ ಹಳೆ ಆಟಗಳು ಒಂದು ಕಡೆ, ಹೊಸವು ಮತ್ತೊಂದು ಕಡೆ. ನಿಂಟೆಂಡೋದಲ್ಲಿ ದೇಶ ಬದಲಿಸಬಹುದು. ಆದರೆ 2025ರ ಮಾರ್ಚ್‌ನಿಂದ ಅವರ ಜಪಾನ್ ಆನ್‌ಲೈನ್ ಅಂಗಡಿ ಹೊರದೇಶದ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುತ್ತಿಲ್ಲ, ಅಂದರೆ ಊರಿಗೆ ವಾಪಸ್ ಹೋದ ಮೇಲೆ ನಿಮ್ಮ ಭಾರತದ ಕಾರ್ಡ್ ಅಲ್ಲಿ ಉಪಯೋಗಕ್ಕಿಲ್ಲ.

ಡಿಸ್ಕಿನ ಬದಲು ನಿಂಟೆಂಡೋದ ಗೇಮ್ ಯಂತ್ರ ಸ್ವಿಚ್‌ಗೆ ಹಾಕುವ ಪುಟ್ಟ ಕಾರ್ಟ್ರಿಡ್ಜ್‌ಗೂ ಈ ತಲೆನೋವಿಲ್ಲ. ಟೋಕಿಯೊದಲ್ಲಿ ಕೊಂಡದ್ದು ಮೈಸೂರಿನ ಸ್ವಿಚ್‌ನಲ್ಲೂ ಓಡುತ್ತದೆ, ಆಡಿ ಮುಗಿಸಿ ಅಕ್ಕನ ಮಗನಿಗೆ ಕೊಟ್ಟರೆ ಅವನದ್ದೇ ಆಗುತ್ತದೆ. ಬೇಡದ ಗೇಮನ್ನು ಇಲ್ಲಿ ಬುಕ್ ಆಫ್ ಅನ್ನುವ ಹಳೆ ಸಾಮಾನು ಕೊಳ್ಳುವ ಅಂಗಡಿಗೆ ಒಯ್ಯುತ್ತೇವೆ. ಕೌಂಟರಿನವರು ಡಬ್ಬಿ ತೆರೆದು, ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ, ಬೆಲೆ ಹೇಳುತ್ತಾರೆ, ಒಪ್ಪಿದರೆ ಅಲ್ಲೇ ದುಡ್ಡು. ಬೆಂಗಳೂರಲ್ಲಾದರೆ ಓಎಲ್‌ಎಕ್ಸ್‌ನಲ್ಲಿ ಹಾಕಿ, "ಲಾಸ್ಟ್ ಎಷ್ಟು ಬ್ರೋ" ಅಂತ ಚೌಕಾಸಿ ನಡೆದು, ಮೆಟ್ರೋ ಸ್ಟೇಷನ್ ಕೆಳಗೆ ಕೈ ಬದಲಾಗುತ್ತದೆ. ರೀತಿ ಬೇರೆ, ಆದರೆ ಎರಡೂ ಕಡೆ ವಸ್ತು ನಿಮ್ಮದು, ಮಾರುವ ಹಕ್ಕೂ ನಿಮ್ಮದು. ಡಿಜಿಟಲ್ ಗೇಮನ್ನು ಮಾರಲು ಆಗುತ್ತದಾ? ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್ (ಆಡುವ ಅನುಮತಿ) ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕು ಎಂದು ಕ್ಯಾಲಿಫೋರ್ನಿಯಾ ಕಾನೂನೇ ಮಾಡಿತು, 2025ರ ಜನವರಿಯಿಂದ ಅದು ಜಾರಿಯಲ್ಲಿದೆ. ಎಲ್ಲ ಕಡೆ ಬರಬೇಕು ಇದು.

ಡಿಸ್ಕ್ ಇದ್ದರೆ ಸಾಕು ಅಂತಲೂ ಅಲ್ಲ. ಸದಾ ಆನ್‌ಲೈನ್ ಇದ್ದರೆ ಮಾತ್ರ ಓಡುವ 'ದಿ ಕ್ರೂ' ಗೇಮಿನ ಸರ್ವರ್‌ಗಳನ್ನು ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ ಡಿಸ್ಕ್ ಇದ್ದವರಿಗೂ ಆಟ ಹೋಯಿತು. ದುಡ್ಡು ಕೊಟ್ಟವರಿಗೆ ಹೀಗೆ ಮಾಡಬಾರದು. ಸ್ವಿಚ್ 2ರಲ್ಲಿ 'ಗೇಮ್ ಕೀ ಕಾರ್ಡ್' ಅಂತ ಬಂದಿದೆ, ಅದರೊಳಗೆ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಬೇಕು. ಮಾರಲು ಬರುತ್ತದೆ ಅನ್ನುವುದೊಂದೇ ಸಮಾಧಾನ. ಕೊಳ್ಳುವ ಮುಂಚೆ ಡಬ್ಬಿಯ ಮೇಲಿನ ಬರಹ ಓದಿ. ಪ್ಲೇಸ್ಟೇಷನ್ ಡಿಸ್ಕ್ ಆದರೆ ಭಾಷೆಯನ್ನೂ ನೋಡಿಕೊಳ್ಳಿ, ಜಪಾನಿನ ಎಷ್ಟೋ ಡಿಸ್ಕ್‌ಗಳಲ್ಲಿ ಇಂಗ್ಲಿಷ್ ಇರುವುದಿಲ್ಲ.

ಚಿಕ್ಕಪುಟ್ಟ ಗೇಮ್‌ಗಳನ್ನು ನಾನೂ ಡಿಜಿಟಲ್ಲೇ ಕೊಳ್ಳುತ್ತೇನೆ, ಎಷ್ಟೋ ಆಟಗಳು ಬೇರೆ ರೂಪದಲ್ಲಿ ಸಿಗುವುದೇ ಇಲ್ಲವಲ್ಲ.

ಕನ್ಸೋಲ್ ಕೊಳ್ಳುವಾಗಲೂ ಇದೇ ಲೆಕ್ಕ. ಪ್ಲೇಸ್ಟೇಷನ್‌ನ ಪಿಎಸ್5 ಪ್ರೋ ಜೊತೆ ಡಿಸ್ಕ್ ಡ್ರೈವ್ ಬರುವುದಿಲ್ಲ, ಬೇರೆ ಕೊಳ್ಳಬೇಕು. ಸ್ವಿಚ್ 2 ಬಿಡುಗಡೆಯಾದಾಗ ಇಲ್ಲಿ 49,980 ಯೆನ್‌ಗೆ ಬಂದ ಅಗ್ಗದ ಮಾಡೆಲ್ಲಿನಲ್ಲಿ ಬರೀ ಜಪಾನಿ ಭಾಷೆ, ಜಪಾನ್ ಖಾತೆ ಮಾತ್ರ ನಡೆಯುತ್ತದೆ. ಊರಿನ ಮಕ್ಕಳಿಗೆ ಒಯ್ಯುವುದಾದರೆ ಜಾಸ್ತಿ ದುಡ್ಡಾದರೂ ಎಲ್ಲ ಭಾಷೆಯದ್ದನ್ನೇ ಕೊಳ್ಳಿ.