ಪಾತ್ರೆಯವಳಿಗೂ ಬೇಡವಾದ ದಾನ

ಯುಗಾದಿಗೆ ಮಾವಿನ ತೋರಣ ಕಟ್ಟೋದಕ್ಕೆ ಮೊದಲು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಹಬ್ಬ ನಡೆಯುತ್ತದೆ. ಅದರ ಹೆಸರು ವಸ್ತ್ರದಾನ. ಹೊಸ ಬಟ್ಟೆ ಇಡೋಕೆ ಬೀರುವಿನಲ್ಲಿ ಜಾಗ ಇಲ್ಲ ಅಂತ ಗೊತ್ತಾದ ಕೂಡಲೇ ಎಲ್ಲರಿಗೂ ಒಟ್ಟಿಗೆ ಬಡವರ ನೆನಪಾಗುತ್ತದೆ. ಉಳಿದ ದಿನ ಬಡವರು ಎಲ್ಲಿರುತ್ತಾರೋ ಏನೋ, ಫಾಲ್ಗುಣದ ಕೊನೇ ವಾರ ಮಾತ್ರ ಲಿಫ್ಟ್ ಪಕ್ಕದ ರಟ್ಟಿನ ಡಬ್ಬದೊಳಗೆ ಬಾಯಿ ತೆರೆದುಕೊಂಡು ಕೂತಿರುತ್ತಾರೆ ಅಂತ ನಮ್ಮ ನಂಬಿಕೆ.

ಈ ಸಲ ವಾಟ್ಸಾಪ್ ಗುಂಪಿಗೆ ಒಂದು ಸೂಚನೆ ಬಂತು. ಒಗೆದು ಕೊಡಿ, ಗುಂಡಿ ಹಾಕಿ ಕೊಡಿ, ಹರಿದದ್ದು ಬೇಡ. ಅಷ್ಟೇ. ಮೂರು ದಿನ ಜಗಳ! ಪುಕ್ಕಟೆ ಕೊಡೋದಕ್ಕೆ ಇಷ್ಟೊಂದು ಕಂಡೀಷನ್ನಾ ಅಂತ ಒಬ್ಬರು. ಬೇಕಾದವರು ಒಗೆದುಕೊಳ್ಳಲಿ ಬಿಡ್ರೀ ಅಂತ ಇನ್ನೊಬ್ಬರು. ಕೊನೆಗೆ ಡಬ್ಬಕ್ಕೆ ಬಿದ್ದದ್ದು ಇವು: ಮುಚ್ಚಿಹೋದ ಕಂಪನಿಯ ಹೆಸರಿದ್ದ ಟೀ ಶರ್ಟುಗಳು, 10 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು ಕಾಫಿ ಕುಡಿದು ಬಂದವರ ಟೀ ಶರ್ಟುಗಳು, ಕತ್ತು ಜೋಲುಬಿದ್ದ ಬನಿಯನ್ನು, ಮದುವೆಯಲ್ಲಿ ಒಂದೇ ಸಲ ಹಾಕಿದ್ದ ಸೂಟು, ಆಮೇಲೆ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಮೂರು ಸಾಕ್ಸ್.

ಬ್ಲೌಸ್ ಪೀಸ್ ಮಾತ್ರ ಯಾರೂ ಹಾಕಲಿಲ್ಲ, ಗಮನಿಸಿ. ಅದು ಬಟ್ಟೆಯಲ್ಲ, ಚಲಾವಣೆಯಲ್ಲಿರುವ ನೋಟು. ವರಮಹಾಲಕ್ಷ್ಮಿಗೆ ನಾವು ಕೊಟ್ಟದ್ದು ಗೌರಿಹಬ್ಬಕ್ಕೆ ಇನ್ನೊಬ್ಬರ ಮನೆಗೆ ಹೋಗಿ, ಯಾರದೋ ಗೃಹಪ್ರವೇಶದಲ್ಲಿ ಮತ್ತೆ ನಮ್ಮ ಕೈಗೇ ಬರುತ್ತದೆ, ಕತ್ತರಿಯ ಮುಖ ನೋಡದೆ.

ಮೊದಲ ಪ್ರಯೋಗ ಯಾವಾಗಲೂ ಮನೆಕೆಲಸದವರ ಮೇಲೆ. ನಮ್ಮ ಮನೆಯಲ್ಲೂ ಆಯಿತು. ಹೆಂಡತಿ ಚೀಲ ಮುಂದಿಟ್ಟರೆ ಕೆಲಸದಾಕೆ ಒಳಗೆ ನೋಡಿ, "ಬೇಡ ಅಕ್ಕ, ಇಡೋಕೆ ಜಾಗ ಇಲ್ಲ" ಅಂದಳು. ನಮಗೂ ಅದೇ ತೊಂದರೆ ಅಲ್ವಾ? ಆದರೆ ನಮಗೆ ಜಾಗ ಇಲ್ಲದಿದ್ದರೆ ಅದು ಮಿನಿಮಲಿಸಂ, ಆಕೆಗೆ ಜಾಗ ಇಲ್ಲದಿದ್ದರೆ ಅದು ಕೊಬ್ಬು. ಸಂಜೆ ಪಾರ್ಕಿನ ಬೆಂಚಿನ ಮೇಲೆ ಇದೇ ಚರ್ಚೆ: "ಕಾಲ ಕೆಟ್ಟೋಯ್ತು ಕಣ್ರೀ, ಕೊಟ್ರೂ ಬೇಡ ಅಂತಾರೆ."

ಬೇಡ ಅನ್ನೋಕೆ ಆಗದವರು ಯಾರು? ನೆರೆ ಸಂತ್ರಸ್ತರು. ಅದಕ್ಕೇ ನಮಗೆ ಅವರ ಮೇಲೆ ಅಷ್ಟು ಪ್ರೀತಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಬೀರುಗಳು ಒಂದು ಸಲ ಹಗುರಾದವು. 2019ರಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆ ಊರೂರೇ ಮುಳುಗಿದಾಗ ಇನ್ನೊಂದು ಸಲ. ಆ ಚಳಿ ಮಳೆಗೆ ಬೇಕಾಗಿದ್ದದ್ದು ಕಂಬಳಿ, ಹೊಸ ಒಳಉಡುಪು, ಒಣಗಿದ ಟವೆಲ್ಲು. ನಮ್ಮ ಬ್ಲಾಕಿನಿಂದ ಹೋದದ್ದು ಚಮಕಿ ಲೆಹೆಂಗಾ. ಪುಣ್ಯಾತ್ಮರೊಬ್ಬರು ಈಜುಡುಗೆಯನ್ನೂ ಹಾಕಿದ್ದರು. ಅದು ಸಮಯಪ್ರಜ್ಞೆಯೋ ಮರೆವೋ ನಾನು ಕೇಳಲಿಲ್ಲ. ಲಾರಿಗೆ ಬ್ಯಾನರ್ ಕಟ್ಟಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ನಾನೂ ಇದ್ದೇನೆ, ಎಡಗಡೆಯಿಂದ ನಾಲ್ಕನೆಯವನು.

ಇದೇನು ನಾವು ಕಂಡುಹಿಡಿದದ್ದಲ್ಲ. 2004ರ ಸುನಾಮಿ ಆದಮೇಲೆ ತಮಿಳುನಾಡಿನ ಕರಾವಳಿಯಲ್ಲಿ ದಾನದ ಬಟ್ಟೆ ಕೇಳುವವರಿಲ್ಲದೆ ರಸ್ತೆ ಬದಿ ರಾಶಿ ಬಿದ್ದಿತ್ತು. ಅಂಶು ಗುಪ್ತಾ 1999ರಲ್ಲಿ ಶುರು ಮಾಡಿದ ಗೂಂಜ್ ಸಂಸ್ಥೆಯವರು ಅದನ್ನು ವಿಂಗಡಿಸುವ ಕೆಲಸಕ್ಕೆ ಇಳಿಯಬೇಕಾಯಿತು. ಹಳ್ಳಿಯವರು ಬಾವಿ ತೋಡಿ, ರಸ್ತೆ ಮಾಡಿ, ಆ ಕೆಲಸಕ್ಕೆ ಪ್ರತಿಯಾಗಿ ಬಟ್ಟೆ ಪಡೆಯಬೇಕು, ಭಿಕ್ಷೆಯಾಗಿ ಅಲ್ಲ ಅನ್ನೋದು ಅವರ ಲೆಕ್ಕ. ಒಳ್ಳೆ ಲೆಕ್ಕ, ಆದರೆ ಅದರಲ್ಲಿ ನಮ್ಮ ಫೋಟೋಗೆ ಜಾಗ ಎಲ್ಲಿ?

ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಕಾಂಟಮಾಂಟೋ ಅಂತ ದೊಡ್ಡ ಹಳೇ ಬಟ್ಟೆ ಮಾರುಕಟ್ಟೆ ಇದೆ. ಪಶ್ಚಿಮ ದೇಶಗಳಿಂದ ಮೂಟೆ ಮೂಟೆ ಬಂದು ಬೀಳುವ ಬಟ್ಟೆಗೆ ಅಲ್ಲಿನ ಜನ ಇಟ್ಟಿರುವ ಹೆಸರು 'ಒಬ್ರೋನಿ ವಾವು', ಅಂದರೆ ಸತ್ತ ಬಿಳಿಯನ ಬಟ್ಟೆ. ಬದುಕಿರುವವನು ಯಾರು ಇಷ್ಟೊಂದು ಬಿಸಾಡ್ತಾನೆ, ಸತ್ತೇ ಇರಬೇಕು ಅಂತ. ನಮ್ಮ ಲಾರಿ ಬಿಚ್ಚಿದವರೂ ಬೆಂಗಳೂರಿನ ಟೆಕ್ಕಿಗಳೆಲ್ಲ ಸಾಮೂಹಿಕವಾಗಿ ತೀರಿಕೊಂಡರು ಅಂತಲೇ ಅಂದುಕೊಂಡಿರಬಹುದು.

ಅಜ್ಜಿಯ ಕಾಲದಲ್ಲಿ ದಾನದ ತನಕ ಬಟ್ಟೆ ಉಳಿಯುತ್ತಲೇ ಇರಲಿಲ್ಲ. ಸೀರೆ ಕೂಸಿನ ತೊಟ್ಟಿಲಾಗಿ, ಕೌದಿಯಾಗಿ, ಕೊನೆಗೆ ಮಸಿಬಟ್ಟೆಯಾಗಿ ಸಾಯುತ್ತಿತ್ತು. ಈಗಿನ ಪಾಲಿಯೆಸ್ಟರ್ ಕುರ್ತಾ ನೆಲ ಒರೆಸೋಕೂ ಬರುವುದಿಲ್ಲ, ನೀರನ್ನು ಈ ಮೂಲೆಯಿಂದ ಆ ಮೂಲೆಗೆ ಸುಮ್ನೆ ಕಳಿಸುತ್ತದೆ. ಮಸಿಬಟ್ಟೆ ಮಾಡಿದರೆ ಒಲೆ ಹತ್ತಿರ ಕರಗಿ ಪಾತ್ರೆಗೇ ಅಂಟುತ್ತದೆ.

ಮೊನ್ನೆ ಅಪರೂಪಕ್ಕೆ ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಂದಿದ್ದಳು. ಗೇಟಿನಲ್ಲಿ ಸೆಕ್ಯುರಿಟಿ ಬಿಡಲಿಲ್ಲ, ಹಾಗಾಗಿ ಮೂಟೆ ಹೊತ್ತು ನಾವೇ ಹೊರಗೆ ಹೋದೆವು. ಅವಳು ದಾನ ತಗೊಳ್ಳುವವಳಲ್ಲ, ವ್ಯಾಪಾರ ಮಾಡುವವಳು, ಹಾಗಾಗಿ ನಮ್ಮ ಬಟ್ಟೆಯನ್ನು ನಿಜವಾಗಿ ನೋಡಿದವಳು ಅವಳೊಬ್ಬಳೇ. ಒಂದೊಂದನ್ನೂ ಬಿಸಿಲಿಗೆ ಹಿಡಿದಳು, ಕಂಕುಳ ಭಾಗ ಎಳೆದಳು, ಜಿಪ್ ಎಳೆದು ನೋಡಿದಳು. ಮಗ ಎರಡು ಸಾವಿರ ಕೊಟ್ಟು ಹರಿದೇ ತಂದಿದ್ದ ಜೀನ್ಸನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, "ಏನ್ ಸಾರ್, ಇದನ್ನ ಕೊಡೋಕೆ ನಾಚಿಕೆ ಆಗಲ್ವಾ" ಅಂದಳು. ಅರ್ಧ ಗಂಟೆ ಚೌಕಾಸಿ ಆಯಿತು. ಹೆಂಡತಿ ಕುಕ್ಕರ್ ಮೇಲೆ ಕಣ್ಣಿಟ್ಟಿದ್ದಳು, ಸಿಕ್ಕಿದ್ದು ಟೀ ಸೋಸುವ ಜಾಲರಿ. ಅದಕ್ಕೂ ಮೇಲೊಂದು ಒಳ್ಳೆ ಸೀರೆ ಹಾಕಿ ಅಂತ ಕೇಳಿದಳು.

ಅವಳು ಬೇಡ ಅಂದದ್ದೆಲ್ಲ ಎರಡು ಚೀಲ ಆಗಿ ಕಾರಿನ ಡಿಕ್ಕಿಯಲ್ಲಿದೆ. ಜೂನ್ ಬರಲಿ ಅಂತ ಕಾಯ್ತಿದ್ದೇವೆ, ಎಲ್ಲಾದರೂ ಒಂದು ಕಡೆ ನೆರೆ ಬಂದೇ ಬರುತ್ತೆ.